ಕಾತ್ಯಾಯಿನಮ್ಮನವರ ಮತ್ಸ್ಯಪಾಲನೆ

ಮೀನು ಸತ್ತರೆ ಅದಕ್ಕೆ ಯಾರಾದರೊಬ್ಬರು ಹೊಣೆಯಾಗಿರಲೇಬೇಕು ಎಂಬುದು ಕಾತ್ಯಾಯಿನಮ್ಮನವರ ದೃಢವಾದ ಅಭಿಪ್ರಾಯ. ಇಪ್ಪತ್ತಾರು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಾಮಾನ್ಯ ವಿಜ್ಞಾನವನ್ನೂ ಆರೋಗ್ಯಶಾಸ್ತ್ರವನ್ನೂ ಬೋಧಿಸಿ, ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರಿಗೆ ಹೊಣೆಗಾರರಿಲ್ಲದ ಘಟನೆ ಎಂಬುದೇ ಇಲ್ಲ. ಕಿಟಕಿಯ ಗಾಜು ಒಡೆದರೆ ಅದರ ಹಿಂದೆ ಒಬ್ಬಳು ಇರುತ್ತಾಳೆ. ಸೀಮೆಸುಣ್ಣ ಕಾಣೆಯಾದರೆ ಅದರ ಹಿಂದೆಯೂ ಒಬ್ಬಳು ಇರುತ್ತಾಳೆ. ಆದ್ದರಿಂದ ಜಯನಗರದ ನಾಲ್ಕನೇ ಬ್ಲಾಕಿನ ಅವರ ಹೊಸ ಮನೆಯ ನಡುಮನೆಯಲ್ಲಿ ಐದು ವಾರಗಳ ಅವಧಿಯಲ್ಲಿ ಎಂಟು ಮೀನುಗಳು ಒಂದರ ಹಿಂದೊಂದು ಮಗ್ಗುಲಾಗಿ ಮಲಗಿದಾಗ, ಅವರು ಮೊದಲು ಗಂಡನನ್ನು, ಆಮೇಲೆ ಅತ್ತೆಯನ್ನು, ಆಮೇಲೆ ಮೀನು ಮಾರಿದವನನ್ನು, ಕೊನೆಗೆ ಮೀನುಗಳನ್ನೇ ವಿಚಾರಣೆಗೆ ಗುರಿಪಡಿಸಿದರು. ವಿಚಾರಣೆಯಿಂದ ಹೊರಗುಳಿದವರು ಆ ಮನೆಯಲ್ಲಿ ಒಬ್ಬರೇ.

ಇದೆಲ್ಲ ಶುರುವಾದದ್ದು ಅವರ ಪತಿ ಶಾಮಣ್ಣನವರ ರಕ್ತದೊತ್ತಡದಿಂದ. ಶಾಮಣ್ಣನವರು ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಊರವರ ಗಡಿಗಳನ್ನೆಲ್ಲ ಸರಪಳಿ ಹಿಡಿದು ಅಳೆದವರು. ಮನೆಯಲ್ಲಿ ಮಾತ್ರ ತಮ್ಮ ಗಡಿ ಎಲ್ಲಿದೆಯೆಂದು ಅಳೆಯದೆಯೇ ಒಪ್ಪಿಕೊಂಡವರು.

"ದಿನಕ್ಕೆ ಅರ್ಧ ಗಂಟೆ ಯಾವುದಾದ್ರೂ ಶಾಂತವಾಗಿರೋದನ್ನ ನೋಡ್ತಾ ಕೂತ್ಕೊಳ್ಳಿ, ರಾಯರೇ" ಎಂದರು ಡಾಕ್ಟರ್ ಗುರುಶಾಂತಪ್ಪ, ತೋಳಿನ ಪಟ್ಟಿ ಬಿಚ್ಚುತ್ತ.

ಶಾಮಣ್ಣನವರು ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯನ್ನು ಒಮ್ಮೆ ನೋಡಿದರು. ಆಮೇಲೆ ಬಹಳ ಹೊತ್ತು ಛಾವಣಿಯನ್ನು ನೋಡಿದರು.

"ಅಂಥದ್ದು ನಮ್ಮನೇಲಿ ಏನಿದೆ ಅಂತ ಯೋಚನೆ ಮಾಡ್ತಿದೀನಿ, ಡಾಕ್ಟ್ರೇ."

"ಇಲ್ದಿದ್ರೆ ತಂದ್ರಾಯ್ತು" ಎಂದರು ಕಾತ್ಯಾಯಿನಮ್ಮ. "ಏನು ತರ್ಬೇಕು, ಅದನ್ನ ಹೇಳಿ."

ಡಾಕ್ಟರು ಮೀನು ಎಂದರು. ಬಣ್ಣದ ಮೀನನ್ನು ಗಾಜಿನ ತೊಟ್ಟಿಯಲ್ಲಿ ಬಿಟ್ಟು ನೋಡುತ್ತ ಕುಳಿತರೆ ನಾಡಿ ತಾನಾಗಿ ಇಳಿಯುತ್ತದೆಂದು ಎಲ್ಲೋ ಓದಿದ್ದರಂತೆ. ಅದು ೧೯೬೪ರ ಡಿಸೆಂಬರ್ ತಿಂಗಳು. ಮುಂದಿನ ಶನಿವಾರವೇ ದಂಪತಿಗಳು ಬಿ.ಟಿ.ಎಸ್. ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ಮುಚ್ಚಳಕ್ಕೆ ತೂತು ಹೊಡೆದ ಹಾರ್ಲಿಕ್ಸ್ ಬಾಟಲಿಗಳಲ್ಲಿ ನಾಲ್ಕು ಚಿನ್ನದ ಬಣ್ಣದ ಮೀನುಗಳನ್ನು ತೊಡೆಯ ಮೇಲಿಟ್ಟುಕೊಂಡು ವಾಪಸಾದರು.

ಮನೆಯಲ್ಲಿ ಶಾಮಣ್ಣನವರ ತಾಯಿ ಅಮ್ಮಣ್ಣಿಯವರು ಬಾಗಿಲಲ್ಲೇ ತಡೆದರು. ಎಂಬತ್ತೊಂದು ವರ್ಷ; ಹಲ್ಲು ಎರಡು, ಮಡಿ ಪೂರ್ತಿ.

"ಮೀನಾ? ಮನೆಯೊಳಗಾ?"

"ತಿನ್ನೋಕಲ್ಲಮ್ಮ, ನೋಡೋಕೆ."

"ನೋಡೋಕೆ ಲಾಲ್‌ಬಾಗ್‌ನಲ್ಲಿ ಕೆರೆ ಇಲ್ವೇನೋ?"

"ಮತ್ಸ್ಯಾವತಾರ ಅಂದ್ಕೊಳ್ಳಿ" ಎಂದರು ಕಾತ್ಯಾಯಿನಮ್ಮ. (ಅವತಾರಗಳಲ್ಲಿ ಅವರಿಗೆ ನಂಬಿಕೆಯಿಲ್ಲ. ಆದರೆ ಉಪಯುಕ್ತವಾದ ಉಪಕರಣವನ್ನು ನಂಬಿಕೆಯಿಲ್ಲವೆಂದು ಮೂಲೆಗೆಸೆಯುವವರೂ ಅವರಲ್ಲ.)

ಅರ್ಧ ಗಂಟೆಯ ಸಂಧಾನದ ನಂತರ ಅಮ್ಮಣ್ಣಿಯವರು ಮೂರು ಷರತ್ತು ಹಾಕಿದರು. ಒಂದು, ಆ ಜಲಚರಗಳು ಈ ಮನೆಯಲ್ಲಿರುವ ತನಕ ಸಸ್ಯಾಹಾರಿಗಳಾಗಿರಬೇಕು, ಏಕಾದಶಿಯ ದಿನ ಉಪವಾಸ ಇರಬೇಕು. ಎರಡು, ನಿನ್ನೆಯ ನೀರು ಇವತ್ತು ಮನೆಯಲ್ಲಿರಕೂಡದು. ಕುಡಿಯುವ ಕೊಡವೇ ಆಗಲಿ, ಮೀನಿನ ತೊಟ್ಟಿಯೇ ಆಗಲಿ, ಬೆಳಿಗ್ಗೆ ಚೆಲ್ಲಿ ತೊಳೆದು ಹೊಸದು ತುಂಬಬೇಕು. ಮೂರು, ಯಾವುದೇ ಜೀವ ಹೊಸಲಿನ ಒಳಗೆ ಪ್ರಾಣ ಬಿಡಕೂಡದು. ಬಿಟ್ಟರೆ ಅದನ್ನು ಆಚೆ ಸಾಗಿಸಿ, ನೆಲ ಸಾರಿಸಿ, ಎಲ್ಲರ ತಲೆಸ್ನಾನ ಆಗುವವರೆಗೆ ದೇವರಿಗೆ ದೀಪವಿಲ್ಲ, ಮನುಷ್ಯರಿಗೆ ಕಾಫಿಯಿಲ್ಲ.

ಎರಡನೆಯ ಷರತ್ತನ್ನು ಕಾತ್ಯಾಯಿನಮ್ಮನವರು ಎರಡು ಕೈಯಲ್ಲೂ ಸ್ವಾಗತಿಸಿದರು. ಮೂವತ್ತೆಂಟು ವರ್ಷಗಳ ಸಂಸಾರದಲ್ಲಿ ಅತ್ತೆಗೂ ಸೊಸೆಗೂ ಒಮ್ಮತ ಮೂಡಿದ ವಿಷಯ ಇದೊಂದೇ. ಅತ್ತೆಯ ಪಾಲಿಗೆ ಹಳೆಯ ನೀರು ತಂಗಳು, ಮಡಿಗೆ ಸಲ್ಲದು. ಸೊಸೆಯ ಪಾಲಿಗೆ ನಿಂತ ನೀರು ರೋಗಾಣುಗಳ ತವರು. ಒಬ್ಬರದು ಧರ್ಮಶಾಸ್ತ್ರ, ಇನ್ನೊಬ್ಬರದು ಆರೋಗ್ಯಶಾಸ್ತ್ರ. ಎರಡು ಶಾಸ್ತ್ರಗಳು ಹೀಗೆ ಕೈಜೋಡಿಸಿದರೆ ಮಧ್ಯದಲ್ಲಿ ಸಿಕ್ಕವರ ಗತಿ ಏನೆಂದು ಶಾಮಣ್ಣನವರಿಗೆ ಗೊತ್ತಿತ್ತು. ಮೀನುಗಳಿಗೆ ಗೊತ್ತಿರಲಿಲ್ಲ.

ಕಾತ್ಯಾಯಿನಮ್ಮನವರು ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ಸಂಜೆ ನಾಲ್ಕು ಬಿಂದಿಗೆ ನೀರನ್ನು (ಕುದಿಸಿದ ನೀರಿಗೆ ತಂಗಳ ದೋಷವಿಲ್ಲವೆಂದು ಅತ್ತೆಯನ್ನು ಒಪ್ಪಿಸಿ) ಹೊಟ್ಟಿನ ಒಲೆಯ ಮೇಲೆ ಕೊತಕೊತ ಕುದಿಸಿ, ಧೂಳು ಬೀಳದಂತೆ ತಟ್ಟೆ ಮುಚ್ಚಿ ಆರಿಸಿಡುವುದು; ಬೆಳಿಗ್ಗೆ ಆರಕ್ಕೆ ತೊಟ್ಟಿಯ ಗಾಜನ್ನು ಬೂದಿಯಿಂದ ಉಜ್ಜಿ, ತಳದ ಕಲ್ಲುಗಳನ್ನು ತೆಂಗಿನ ನಾರಿನಿಂದ ತಿಕ್ಕಿ, ಆರಿದ ನೀರನ್ನು ತುಂಬುವುದು; ಏಳೂವರೆಗೆ ಅವಲಕ್ಕಿ ಪುಡಿ. ಅಂಗಡಿಯವನು ಜೊತೆಗೆ ಕೊಟ್ಟಿದ್ದ ನೀರುಸೊಪ್ಪು ಕಸವೆಂದು ತೀರ್ಮಾನವಾಗಿ ಮೊದಲ ದಿನವೇ ಹೊರಬಿತ್ತು. ಈ ದಿನಚರಿಯನ್ನು ದುಂಡಗೆ ಬರೆದು ತೊಟ್ಟಿಯ ಮೇಲೆ ಗೋಡೆಗೆ ಅಂಟಿಸಿದ್ದಾಯಿತು. ಮೀನುಗಳಿಗೆ ಓದಲು ಬಂದಿದ್ದರೆ ಅವೇ ಮರುದಿನದ ಬಸ್ಸಿಗೆ ಶಿವಾಜಿನಗರಕ್ಕೆ ಹೊರಡುತ್ತಿದ್ದವು.

ಲೈಬ್ರರಿಯಿಂದ ಒಂದು ಇಂಗ್ಲಿಷ್ ಪುಸ್ತಕವೂ ಬಂತು. ಓದಿದವರು ಶಾಮಣ್ಣನವರು.

"ಹಳೇ ನೀರನ್ನ ಪೂರ್ತಿ ಚೆಲ್ಬೇಡಿ ಅಂತ ಬರೆದಿದೆ ಕಣೇ, ನಲವತ್ತೊಂದನೇ ಪುಟದಲ್ಲಿ."

"ಅದು ಇಂಗ್ಲೆಂಡಿನ ಪುಸ್ತಕ. ಅಲ್ಲಿ ಮನುಷ್ಯರೇ ವಾರಕ್ಕೊಂದು ಸಲ ಸ್ನಾನ ಮಾಡೋದು."

ಶಾಮಣ್ಣನವರು ಪುಸ್ತಕ ಮುಚ್ಚಿದರು.

ಮೀನು ತಂದ ಮರುದಿನವೇ ಮಹಿಳಾ ಸಮಾಜದ ಕಾರ್ಯದರ್ಶಿನಿ ಉಮಾಮಹೇಶ್ವರಿಯವರು ಕಾಫಿಗೆ ಬಂದಿದ್ದರು. ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.

"ಏನೋ ಹೇಳ್ತಿರೋ ಹಾಗಿದೆ" ಎಂದರು ಉಮಾಮಹೇಶ್ವರಿ.

"ಗುರುತು ಹಿಡೀತಿವೆ" ಎಂದರು ಕಾತ್ಯಾಯಿನಮ್ಮ.

"ಪ್ರಾಣಾಯಾಮ ಇರಬಹುದು" ಎಂದರು ಶಾಮಣ್ಣ.

"ನಮ್ಮ ಭಾವನ ಮನೇಲೂ ತಂದಿದ್ರು, ಕಾತ್ಯಾಯಿನಮ್ಮನೋರೇ. ಹತ್ತು ದಿನಕ್ಕೆ ಒಂದೂ ಉಳೀಲಿಲ್ಲ. ಇದು ನಮ್ಮಂಥೋರ ಕೈಲಿ ಆಗೋ ಕೆಲಸ ಅಲ್ಲ ಬಿಡಿ."

ಈ 'ನಮ್ಮಂಥೋರು' ಎಂಬ ಮಾತು ಕಾತ್ಯಾಯಿನಮ್ಮನವರಿಗೆ ಚುಚ್ಚಿತು. ಉಮಾಮಹೇಶ್ವರಿಯವರು ಇಂಟರ್‌ಮೀಡಿಯಟ್ಟನ್ನೂ ಮುಗಿಸಿದವರಲ್ಲ. ಫೆಬ್ರವರಿಯ ಮೊದಲ ಭಾನುವಾರ ಸಮಾಜದ ವಾರ್ಷಿಕೋತ್ಸವ. ಆ ದಿನ ತಾವೇ ಉಪನ್ಯಾಸ ಕೊಡುವುದಾಗಿಯೂ, ಈ ಮನೆಯಲ್ಲಿ ಸಾಕಿದ ಜೀವಂತ ಮೀನುಗಳನ್ನು ಸಭೆಯ ಮುಂದೆ ಇಡುವುದಾಗಿಯೂ ಅಲ್ಲೇ ಸಾರಿದರು. ಉಮಾಮಹೇಶ್ವರಿಯವರು ಅದನ್ನು ಮರೆಯಲು ಬಿಡುವವರೇ? ಹದಿನೈದು ದಿನಗಳಲ್ಲಿ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿ ಬಂತು: 'ಗೃಹದಲ್ಲಿ ಮತ್ಸ್ಯಪಾಲನೆ: ಶುಚಿತ್ವವೇ ಆರೋಗ್ಯ. ಸಜೀವ ಪ್ರಾತ್ಯಕ್ಷಿಕೆಯೊಡನೆ.' ಸಜೀವ ಎಂಬುದರ ಕೆಳಗೆ ಒಂದು ಗೆರೆ.

ಅಷ್ಟರಲ್ಲಿ ಮೊದಲ ಮೀನಿನ ಕಥೆ ಮುಗಿದಿತ್ತು.

ಐದನೆಯ ದಿನ ಬೆಳಿಗ್ಗೆ ಅದು ಹೊಸ ನೀರಿನಲ್ಲಿ ಮಗ್ಗುಲಾಗಿ ತೇಲುತ್ತಿತ್ತು. ದೇವರ ಮನೆಯಿಂದ ಅಮ್ಮಣ್ಣಿಯವರ ಸ್ವರ ಬಂತು.

"ಜೀವ ಇದೆಯೋ, ಹೋಯ್ತೋ?"

"ಇನ್ನೂ ಕಿವಿರು ಆಡ್ತಿದೆ."

"ಹಾಗಾದ್ರೆ ಬೇಗ ಆಚೆ ಸಾಗ್ಸು. ಒಳಗೇ ಹೋಗಿಬಿಟ್ರೆ ನನ್ನ ಪೂಜೆ ಗತಿ ಏನು?"

ಕಾತ್ಯಾಯಿನಮ್ಮನವರಿಗೆ ಸೂತಕದಲ್ಲಿ ನಂಬಿಕೆಯಿಲ್ಲ. ಬೆಳಗಿನ ಕಾಫಿಯಲ್ಲಿ ಇದೆ. ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಬೈರಮ್ಮನನ್ನು ಕೂಗಿದರು. ಬೈರಮ್ಮ ಪಕ್ಕದ ಬೈರಸಂದ್ರದವಳು. ಅವರ ಹೊಲವೆಲ್ಲ ಬಡಾವಣೆಯ ಸೈಟುಗಳಾಗಿ ಹೋಗಿ, ಹಟ್ಟಿಯ ಮುಂದೆ ಒಂದು ಎಮ್ಮೆ, ಎರಡು ಪಾತಿ ದಂಟಿನ ಸೊಪ್ಪು ಉಳಿದಿದ್ದವು. ಕೆಲಸ ಮುಗಿಸಿ ಹೋಗುವಾಗ ದಿನವೂ ಎಮ್ಮೆಗೆಂದು ಈ ಮನೆಯ ಕಲಗಚ್ಚನ್ನು ತಗಡಿನ ಡಬ್ಬದಲ್ಲಿ ಹೊತ್ತೊಯ್ಯುತ್ತಿದ್ದಳು.

"ಇದನ್ನ ತಗೊಂಡ್ಹೋಗಿ ಎಲ್ಲಾದ್ರೂ ಬಿಸಾಕು, ಬೈರಮ್ಮ."

"ಉಸ್ರು ಆಡ್ತಾ ಐತಲ್ಲ, ಅಮ್ಮಾರೇ."

"ಅದಕ್ಕೇ ಬೇಗ ತಗೊಂಡ್ಹೋಗು ಅಂತಿರೋದು."

ಬೈರಮ್ಮ ಒಂದು ಚೊಂಬಿನಲ್ಲಿ ಕೊಳಾಯಿ ನೀರು ಹಿಡಿದು ಮೀನನ್ನು ಅದರಲ್ಲಿ ಬಿಟ್ಟುಕೊಂಡು ನಡೆದಳು. ಮರುದಿನ ಬಂದವಳು ಬಾಯಿ ತೆರೆದಳು.

"ಅಮ್ಮಾರೇ, ನಿನ್ನೆ ಕೊಟ್ರಲ್ಲ ಮೀನು, ಅದು ಏನಾಯ್ತು ಅಂದ್ರೆ—"

"ಬೈರಮ್ಮ, ಹೋದವರ ವಿಷಯ ಬೇಡ. ಪಾತ್ರೆ ಉಜ್ಜು."

ಬೈರಮ್ಮ ಪಾತ್ರೆ ಉಜ್ಜಿದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಮುಖ್ಯೋಪಾಧ್ಯಾಯಿನಿ ಬೇಡವೆಂದ ಮೇಲೆ ಮುಗಿಯಿತು.

ಎರಡನೆಯದು ಹೋಯಿತು, ಮೂರನೆಯದು ಹೋಯಿತು, ನಾಲ್ಕನೆಯದು ಸಂಕ್ರಾಂತಿಯ ಮುನ್ನಾದಿನ ಹೋಯಿತು. ಒಂದೂ ಒಳಗೆ ಸಾಯಲಿಲ್ಲ. ಅಮ್ಮಣ್ಣಿಯವರ ಷರತ್ತನ್ನು ಮೀನುಗಳು ಚಾಚೂ ತಪ್ಪದೆ ಪಾಲಿಸಿದವು. ಕಾತ್ಯಾಯಿನಮ್ಮನವರು ಹೊಸದಾಗಿ ನಾಲ್ಕು ತಂದರು. ಶುಚಿತ್ವದಲ್ಲಿ ಎಲ್ಲೋ ಲೋಪವಾಗಿದೆಯೆಂದು ನೀರನ್ನು ಎರಡು ಸಲ ಕುದಿಸಲು ಪ್ರಾರಂಭಿಸಿದರು. ಆ ನಾಲ್ಕು ಇನ್ನೂ ಬೇಗ ಹೋದವು.

"ನೀವು ಕದ್ದು ಏನಾದ್ರೂ ಹಾಕ್ತಿದ್ದೀರಾ?" ಎಂದು ಗಂಡನನ್ನು ಹಿಡಿದರು.

"ನಾನಾ? ನನಗೇ ಕದ್ದು ಏನೂ ಸಿಗ್ತಿಲ್ಲ."

"ಹಾಗಾದ್ರೆ ಅಮ್ಮ ಅಕ್ಷತೆ ಹಾಕಿರ್ಬೇಕು."

"ಜಲಚರಕ್ಕೆ ನಾನ್ಯಾಕೆ ಅಕ್ಷತೆ ಹಾಕ್ಲಿ? ನಿನ್ನ ಮದುವೇಲಿ ಹಾಕಿದ್ದೇ ಸಾಕಾಗಿದೆ" ಎಂದರು ಅಮ್ಮಣ್ಣಿ ದೇವರ ಮನೆಯಿಂದ.

ಈ ನಡುವೆ ಒಂದು ವಿಚಿತ್ರ ನಡೆಯಿತು. ಶಾಮಣ್ಣನವರ ರಕ್ತದೊತ್ತಡ ಇಳಿಯುತ್ತ ಬಂತು. ಡಾಕ್ಟರು ಮೀನಿನ ಮಹಿಮೆ ಎಂದರು. ಕಾತ್ಯಾಯಿನಮ್ಮನವರು ಆ ಪ್ರಶಂಸೆಯನ್ನು ತಮ್ಮದೆಂದೇ ಸ್ವೀಕರಿಸಿದರು. ಆದರೆ ವಿಜ್ಞಾನ ಓದಿದ ಮನಸ್ಸಿಗೆ ಒಂದು ಮುಳ್ಳು ಉಳಿಯಿತು: ತೊಟ್ಟಿ ಪೂರ್ತಿ ಖಾಲಿಯಿದ್ದ ವಾರವೇ ಒತ್ತಡ ಎಲ್ಲಕ್ಕಿಂತ ಹೆಚ್ಚು ಇಳಿದಿತ್ತು. ಶಾಮಣ್ಣನವರನ್ನು ಕೇಳಿದರೆ "ಸಂಜೆ ವಾಕಿಂಗ್ ಹೋಗ್ತೀನಲ್ಲ" ಎಂದರು. ಹೌದು, ಅವರ ವಾಕಿಂಗು ಅರ್ಧ ಗಂಟೆಯಿಂದ ಒಂದೂವರೆ ಗಂಟೆಗೆ ಬೆಳೆದಿತ್ತು.

ಉಪನ್ಯಾಸಕ್ಕೆ ಐದು ದಿನ ಉಳಿದಾಗ ಕಾತ್ಯಾಯಿನಮ್ಮನವರು ಅಂಗಡಿಯಲ್ಲಿದ್ದ ಅತ್ಯಂತ ಗಟ್ಟಿಮುಟ್ಟಾದ ಜೋಡಿಯನ್ನು ಆರಿಸಿ ತಂದರು. ಐದೇ ದಿನ ಬದುಕಿದರೆ ಸಾಕಾಗಿತ್ತು. ಅವು ನಾಲ್ಕು ದಿನ ಬದುಕಿದವು. ಶನಿವಾರ ಬೆಳಿಗ್ಗೆ ಆರೂಕಾಲಕ್ಕೆ ಎರಡೂ ಮಗ್ಗುಲಾದವು.

ಆವತ್ತು ಕಾತ್ಯಾಯಿನಮ್ಮನವರು ಕಾಫಿ ಕುಡಿಯಲಿಲ್ಲ. ನಾಳೆ ನಾಲ್ಕು ಗಂಟೆಗೆ ಅರವತ್ತು ಮಂದಿ ಹೆಂಗಸರು, ಖಾಲಿ ತೊಟ್ಟಿ, ಮುಂದಿನ ಸಾಲಿನಲ್ಲಿ ಉಮಾಮಹೇಶ್ವರಿ. ಜೀವನದಲ್ಲಿ ಮೊದಲ ಸಲ ಅವರು ಕೈಯಲ್ಲಿ ನಾರು ಹಿಡಿದು ಏನನ್ನೂ ತಿಕ್ಕದೆ ನಿಂತಿದ್ದರು.

"ಹೊಸ ಮೀನು ತರೋಕೆ ಇವತ್ತು ಹೋಗ್ಲಾ?" ಎಂದರು ಶಾಮಣ್ಣ ಮೆಲ್ಲಗೆ.

"ಬೇಡ. ಇಲ್ಲಿ ಸಾಕಿದ ಮೀನು ಅಂತ ಮಾತು ಕೊಟ್ಟಿದೀನಿ. ನಿನ್ನೆ ತಂದಿದ್ದನ್ನ ಇಲ್ಲಿ ಸಾಕಿದ್ದು ಅಂತ ಹೇಳಲ್ಲ."

ಹಿತ್ತಲ ಬಾಗಿಲಲ್ಲಿ ಚೊಂಬು ಹಿಡಿದು ಕಾದಿದ್ದ ಬೈರಮ್ಮ ಕೆಮ್ಮಿದಳು.

"ಬೈಯಲ್ಲ ಅಂದ್ರೆ ಒಂದ್ ಮಾತು ಹೇಳ್ತೀನಿ, ಅಮ್ಮಾರೇ. ನಿಮ್ ಮನೇಲಿ ಸಾಕಿದ್ದೇ ಬೇಕು ಅಂದ್ರೆ ಅವೆ. ಎಂಟು ಅವೆ. ಇವೆರ್ಡೂ ಸೇರುದ್ರೆ ಹತ್ತಾಯ್ತವೆ."

"ಎಲ್ಲಿವೆ?"

"ನಮ್ಮಟ್ಟೀಲಿ. ಎಮ್ಮೆ ನೀರು ಕುಡಿಯೋ ಬಾನೀಲಿ."

"ಸತ್ತ ಮೀನು?"

"ನೀವು ಯಾವತ್ತು ಸತ್ತಿದ್ದು ಕೊಟ್ರಿ? ಅಜ್ಜಮ್ಮಾರು ಸಾಯಕ್ಕೆ ಬುಟ್ರೆ ತಾನೆ?"

ಕಾತ್ಯಾಯಿನಮ್ಮನವರು ನಂಬಲಿಲ್ಲ. ನೋಡದೆ ನಂಬುವುದು ಅವರ ಪದ್ಧತಿಯಲ್ಲ. ಸಂಜೆ ಐದಕ್ಕೆ ಛತ್ರಿ ಹಿಡಿದು ಒಬ್ಬರೇ ಬೈರಸಂದ್ರಕ್ಕೆ ಹೊರಟರು. (ಶಾಮಣ್ಣನವರು ಆಗಲೇ ವಾಕಿಂಗ್ ಹೋಗಿಯಾಗಿತ್ತು.) ಬಡಾವಣೆಯ ಕಲ್ಲುಗಂಬಗಳು ಮುಗಿದು, ಸಗಣಿಯ ವಾಸನೆ ಶುರುವಾದ ಕಡೆ ಬೈರಮ್ಮನ ಹಟ್ಟಿ. ಹುಣಸೆಮರದ ನೆರಳಿನಲ್ಲಿ ಹಳೆಯ ಕಲ್ಲುಬಾನಿ. ಅದನ್ನು ಬೈರಮ್ಮನ ಅತ್ತೆಯ ಕಾಲದಿಂದ ಯಾರೂ ತೊಳೆದಿದ್ದಂತೆ ಕಾಣಲಿಲ್ಲ. ಒಳಗೋಡೆಯ ತುಂಬ ಬೆರಳುದ್ದ ಪಾಚಿ, ನೀರು ಹಸಿರು, ಅದರಲ್ಲಿ ಸೊಳ್ಳೆಮರಿಗಳು ಚಿಮ್ಮುತ್ತಿದ್ದವು. ಆ ಹಸಿರು ಸೀಳಿಕೊಂಡು ಎಂಟು ಮೀನುಗಳು, ಅಂಗಡಿಯಿಂದ ತಂದಾಗಿದ್ದಕ್ಕಿಂತ ಒಂದೂವರೆ ಪಟ್ಟು ದಪ್ಪವಾಗಿ, ಮದುವೆಮನೆಯ ಬೀಗರಂತೆ ಓಡಾಡುತ್ತಿದ್ದವು. ಬೆಳಿಗ್ಗೆ ಮೂರ್ಛೆ ಹೋಗಿದ್ದ ಜೋಡಿಯೂ ಎದ್ದು ಸೊಳ್ಳೆಮರಿಗಳನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಸಸ್ಯಾಹಾರದ ಷರತ್ತು ಹೊಸಲು ದಾಟಿದ ಕೂಡಲೇ ರದ್ದಾಗಿತ್ತು.

ಬಾನಿಯ ಪಕ್ಕದ ಚಪ್ಪಡಿಯ ಮೇಲೆ ಒಬ್ಬರು ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು, ಕಾಲು ಚಾಚಿ, ಪರಮ ಶಾಂತರಾಗಿ ನೀರು ನೋಡುತ್ತ ಕುಳಿತಿದ್ದರು.

"ನೀವೇನು ಮಾಡ್ತಿದ್ದೀರಿ ಇಲ್ಲಿ?"

ಶಾಮಣ್ಣನವರು ತಲೆಯೆತ್ತಿದರು. ಆರು ವಾರಗಳಲ್ಲಿ ಸಂಪಾದಿಸಿದ ಶಾಂತಿಯಲ್ಲಿ ಅರ್ಧ ಅಲ್ಲೇ ಸೋರಿಹೋಯಿತು.

"ಡಾಕ್ಟ್ರು ಹೇಳಿದ್ದನ್ನ ಮಾಡ್ತಿದೀನಿ."

"ಯಾವಾಗಿಂದ?"

"ಎರಡನೇ ಮೀನಿಂದ. ಬೈರಮ್ಮನ ಚೊಂಬಿನ ಹಿಂದೇನೇ ಬಂದೆ."

"ಮತ್ತೆ ನನಗೆ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ಬಾನಿ ತೊಳೀತಿದ್ದೆ."

ಕಾತ್ಯಾಯಿನಮ್ಮನವರ ಬಲಗೈ ಆಗಲೇ ಪಾಚಿಯ ಕಡೆ ಹೊರಟಿತ್ತು.

"ಕೈ ತಗೀರಿ, ಅಮ್ಮಾರೇ" ಎಂದಳು ಬೈರಮ್ಮ. ಹಿತ್ತಲಲ್ಲಿ ಅವಳು ಹೀಗೆ ಮಾತಾಡಿದ್ದೇ ಇಲ್ಲ. ಆದರೆ ಇದು ಅವಳ ಹಟ್ಟಿ.

ಭಾನುವಾರ ನಾಲ್ಕು ಗಂಟೆಗೆ ಸಮಾಜದ ಹಾಲಿನಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಬಾಯಗಲದ ದೊಡ್ಡ ಗಾಜಿನ ಪಾತ್ರೆ, ಅದರಲ್ಲಿ ಬಾನಿಯ ಹಸಿರು ನೀರು, ನಾಲ್ಕು ಮೀನು. ಬೈರಮ್ಮನ ಷರತ್ತುಗಳೂ ಮೂರಿದ್ದವು: ನಾಲ್ಕಕ್ಕಿಂತ ಹೆಚ್ಚು ಕೊಡುವುದಿಲ್ಲ, ನೀರು ಬದಲಿಸಕೂಡದು, ತಾನೂ ಪಕ್ಕದಲ್ಲೇ ಕೂರುತ್ತೇನೆ. ಕಾತ್ಯಾಯಿನಮ್ಮನವರು ಒಪ್ಪಿದ್ದರು. ಆ ಮನೆಯ ಇತಿಹಾಸದಲ್ಲಿ ಷರತ್ತುಗಳು ಯಾವಾಗಲೂ ಮೂರೇ.

ಅವರು ಉಪನ್ಯಾಸವನ್ನು ಒಂದಕ್ಷರ ಬದಲಿಸದೆ ಓದತೊಡಗಿದರು. ಶುಚಿತ್ವ, ಕುದಿಸಿ ಆರಿಸಿದ ನೀರು, ಬೂದಿ, ನಾರು. ಬದಲಿಸದಿರಲು ಕಾರಣ ಸರಳ: ಬಾನಿಯಲ್ಲಿ ಮೀನು ಬದುಕಿದ್ದು ಆಕಸ್ಮಿಕ, ತಮ್ಮ ಸಿದ್ಧಾಂತ ಶಾಸ್ತ್ರೀಯ. ಆಕಸ್ಮಿಕಕ್ಕೆ ಹೆದರಿ ಸಿದ್ಧಾಂತ ಬಿಡುವುದುಂಟೇ?

"ನೀರು ಹಸಿರಾಗಿದೆಯಲ್ಲ" ಎಂದರು ಮುಂದಿನ ಸಾಲಿನಿಂದ ಉಮಾಮಹೇಶ್ವರಿ.

"ಬೆಳಕಿಗೆ ಹಾಗೆ ಕಾಣತ್ತೆ."

ಆಗ ಮಧ್ಯದ ಸಾಲಿನಿಂದ ಒಬ್ಬ ಯುವತಿ ಎದ್ದಳು. ಜಯಾ, ಕಾತ್ಯಾಯಿನಮ್ಮನವರ ಹಳೆಯ ವಿದ್ಯಾರ್ಥಿನಿ, ಈಗ ಎರಡು ಮಕ್ಕಳ ತಾಯಿ. ಅವಳ ಮುಖದಲ್ಲಿ ಕೊಂಕಿರಲಿಲ್ಲ, ಹಳೆಯ ಹೆದರಿಕೆಯಷ್ಟೇ ಇತ್ತು.

"ಮೇಡಂ, ಒಂದು ಸಂಶಯ. ಎಂಟನೇ ಕ್ಲಾಸಲ್ಲಿ ನೀವು ನನ್ನ ಕೇಳಿದ್ರಿ, ಕುದಿಸಿದ ನೀರು ಸಪ್ಪೆ ಯಾಕೆ ಅಂತ. ಗೊತ್ತಿಲ್ಲ ಅಂದೆ. ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಲ್ಲಿಸಿದ್ರಿ. ಅವತ್ತಿಂದ ಮರೆತಿಲ್ಲ. ನೀರಲ್ಲಿ ಕರಗಿರೋ ಗಾಳಿ ಹೊರಟುಹೋಗೋದ್ರಿಂದ."

"ಸರಿ. ಅದಕ್ಕೇನೀಗ?"

"ಮೀನು ಉಸಿರಾಡೋದು ಆ ಕರಗಿರೋ ಗಾಳೀನೇ ಅಂತ ಆಮೇಲಿನ ಇನ್ನೊಂದು ಪಾಠದಲ್ಲಿ ನೀವೇ ಹೇಳ್ಕೊಟ್ರಿ. ಹಾಗಾದ್ರೆ ಕುದಿಸಿದ ನೀರಲ್ಲಿ ಅದು ಹೇಗೆ ಬದುಕತ್ತೆ, ಮೇಡಂ?"

ನೀರಿನ ಪಾಠ ನಾಲ್ಕನೆಯದು, ಮೀನಿನ ಪಾಠ ಹದಿನೈದನೆಯದು. ಇಪ್ಪತ್ತಾರು ವರ್ಷ ಎರಡನ್ನೂ ಬೋಧಿಸಿದ್ದರು. ಅವೆರಡೂ ಪರಸ್ಪರ ಭೇಟಿಯಾದದ್ದು ಈಗಲೇ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದುದು, ಎರಡು ಸಲ ಕುದಿಸಿದಾಗ ಬೇಗ ಹೋದದ್ದು, ಎಲ್ಲ ಸಾಲಾಗಿ ಬಂದು ನಿಂತವು. ಹೊಣೆಗಾರರು ಯಾರೆಂದು ಕೊನೆಗೂ ಗೊತ್ತಾಯಿತು. ಹಾಲಿನಲ್ಲಿ ಬೆಂಚಿರಲಿಲ್ಲವಾದ್ದರಿಂದ ಕಾತ್ಯಾಯಿನಮ್ಮನವರು ಇದ್ದಲ್ಲಿಯೇ ನಿಂತರು.

"ಉತ್ತರ ಸರಿಯಾಗಿದೆ, ಜಯಾ. ಕೂತ್ಕೋ" ಎಂದರು. ಹಾಳೆಗಳನ್ನು ಮಡಿಸಿದರು. "ಈ ಮೀನುಗಳನ್ನ ಕೊಂದಿದ್ದು ನಾನು. ಬದುಕಿಸಿದ್ದು ಇವಳು. ಉಳಿದದ್ದನ್ನ ಇವಳೇ ಹೇಳ್ತಾಳೆ. ಎದ್ದೇಳು, ಬೈರಮ್ಮ."

ಬೈರಮ್ಮ ಸೆರಗು ಹೊದ್ದು ಎದ್ದಳು. ಪಾತ್ರೆಯನ್ನು ಸಭೆಗೆ ಕಾಣುವಂತೆ ಎತ್ತಿ ಹಿಡಿಯಲು ಕಾತ್ಯಾಯಿನಮ್ಮನವರಿಗೆ ಕಣ್ಣಲ್ಲೇ ಸನ್ನೆ ಮಾಡಿದಳು.

"ಏನೂ ಮಾಡ್ಬ್ಯಾಡ್ರಮ್ಮ" ಎಂದಳು. "ಓದ್ದೋರು ಮನೇಲಿ ಅದೇ ಕಷ್ಟ. ನೀರು ಕಮ್ಮಿ ಆದ್ರೆ ಒಂಚೂರು ಹುಯ್ಯಿ. ಆಮೇಕೆ ನಿಮ್ ಕೆಲ್ಸ ನೀವು ನೋಡ್ಕಳಿ."

ಚಪ್ಪಾಳೆ ಬಹಳ ಹೊತ್ತು ಬಿತ್ತು.

ವಾರದ ನಂತರ ಉಮಾಮಹೇಶ್ವರಿಯವರು ಸಭೆಯ ನಡವಳಿ ಪುಸ್ತಕವನ್ನು ಸಹಿಗಾಗಿ ತಂದರು. 'ಮತ್ಸ್ಯಪಾಲನೆಯ ಕುರಿತು ಬೈರಸಂದ್ರದ ಶ್ರೀಮತಿ ಬೈರಮ್ಮನವರು ಸಂಕ್ಷಿಪ್ತವಾಗಿಯೂ ಸಾರವತ್ತಾಗಿಯೂ ಉಪನ್ಯಾಸ ನೀಡಿದರು. ಶ್ರೀಮತಿ ಕಾತ್ಯಾಯಿನಮ್ಮನವರು ಪಾತ್ರೆ ಹಿಡಿದು ಸಹಕರಿಸಿದರು.' ಕಾತ್ಯಾಯಿನಮ್ಮನವರು ಎರಡು ಸಲ ಓದಿದರು. ವಾಸ್ತವಾಂಶದಲ್ಲಿ ತಪ್ಪಿರಲಿಲ್ಲ. ಸಹಿ ಹಾಕಿದರು.

ನಡುಮನೆಯ ತೊಟ್ಟಿಯಲ್ಲಿ ಈಗ ಅಮ್ಮಣ್ಣಿಯವರ ಹಪ್ಪಳ ಇದೆ. ಸಂಜೆ ದಂಪತಿಗಳಿಬ್ಬರೂ ಬೈರಸಂದ್ರಕ್ಕೆ ಹೋಗುತ್ತಾರೆ. ಶಾಮಣ್ಣನವರು ಚಪ್ಪಡಿಯ ಮೇಲೆ ಕೂರುತ್ತಾರೆ, ಕಾತ್ಯಾಯಿನಮ್ಮನವರು ಪಕ್ಕದಲ್ಲಿ ನೆಟ್ಟಗೆ ಕೂರುತ್ತಾರೆ. ಸೋಲೊಪ್ಪಿಕೊಂಡರೆಂದು ಯಾರೂ ತಿಳಿಯಬಾರದು. ಬಾನಿಯ ಒಂದು ಮೂಲೆಯನ್ನಾದರೂ ತೊಳೆಯಬಹುದೆಂಬ ಅಭಿಪ್ರಾಯವನ್ನು ಅವರಿನ್ನೂ ಬಿಟ್ಟಿಲ್ಲ. ಆದ್ದರಿಂದಲೇ ಬೈರಮ್ಮ ದಿನವೂ ಹಟ್ಟಿಯ ಬಾಗಿಲಲ್ಲೇ ಅವರ ಕೈಚೀಲ ಇಸಿದುಕೊಂಡು, ಒಳಗಿರುವ ತೆಂಗಿನ ನಾರನ್ನು ತೆಗೆದಿಟ್ಟುಕೊಂಡು, ಹೋಗುವಾಗ ವಾಪಸು ಕೊಡುತ್ತಾಳೆ.